ಬಳೆಗಳ ಲೆಕ್ಕ: ಕಾಯಿಲ್ ಒಳಗಿನ ಲೋಹದಲ್ಲಿ ಕರೆಂಟ್ ಎಲ್ಲಿ ಓಡುತ್ತದೆ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತದೆ?

ನಮ್ಮ ಮನೆಗೆ ಇಂಡಕ್ಷನ್ ಒಲೆ ಬಂದ ದಿನ ಅಮ್ಮ ಮೊದಲು ಅದರ ಮೇಲಿಟ್ಟಿದ್ದು ತನ್ನ ಹಳೇ ಅಲ್ಯೂಮಿನಿಯಂ ಕುಕ್ಕರನ್ನು. ಒಲೆ ಕೀಂ ಕೀಂ ಅಂತ ನಾಲ್ಕು ಸಲ ಕೂಗಿ ಸುಮ್ಮನಾಯಿತು. ಕುಕ್ಕರ್ ತೆಗೆದು ಸ್ಟೀಲ್ ಪಾತ್ರೆ ಇಟ್ಟರೆ ಸ್ವಲ್ಪ ಹೊತ್ತಿಗೇ ನೀರು ಮರಳತೊಡಗಿತು. "ಅದೂ ಲೋಹ, ಇದೂ ಲೋಹ. ಇದ್ಯಾಕೆ ಹಿಂಗೆ?" ಅಂತ ಅಮ್ಮ ಕೇಳಿದರು. "ಮ್ಯಾಗ್ನೆಟ್ ಅಂಟಿದರೆ ಆಗುತ್ತೆ, ಇಲ್ಲದಿದ್ದರೆ ಇಲ್ಲ" ಅಂದೆ. ಅದು ಅಂಗಡಿಯವರು ಹೇಳುವ ಉತ್ತರ. ತಪ್ಪಲ್ಲ, ಆದರೆ ಕಾರಣ ಅದರಲ್ಲಿಲ್ಲ.

ಕಾರಣ ಇರುವುದು ಲೋಹದ ಒಳಗೆ. ಒಲೆಯ ಕಾಯಿಲ್, ಅಂದರೆ ಅದರೊಳಗಿನ ತಂತಿಯ ಸುರುಳಿ, ಪಾತ್ರೆಯ ತಳದಲ್ಲಿ ಕರೆಂಟ್ ಹುಟ್ಟಿಸುತ್ತದೆ. ಆ ಕರೆಂಟ್ ಎಲ್ಲಿ ಓಡುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಗಟ್ಟಿ ಲೋಹದ ಒಳಗೆ ಮೀಟರಿನ ಮುಳ್ಳು ಚುಚ್ಚಿ ಅದನ್ನು ನೋಡೋಕೆ ಆಗಲ್ಲ. ಅದಕ್ಕೇ ಎಂಜಿನಿಯರ್‌ಗಳು ಅದನ್ನು ಕಂಪ್ಯೂಟರ್ ಒಳಗೆ ಕಟ್ಟಿ ನೋಡುತ್ತಾರೆ. ಇದನ್ನೇ ಸಿಮ್ಯುಲೇಶನ್ ಅನ್ನುವುದು. ಅಡುಗೆಮನೆ ಒಲೆಗೂ, ಗೇರ್ ಹಲ್ಲು ಗಟ್ಟಿ ಮಾಡುವ ಮೆಷಿನ್‌ಗೂ, ಬೆಳಗಾವಿಯ ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿಸುವ ಕುಲುಮೆಗೂ ಇದರ ಹಿಂದಿನ ಲೆಕ್ಕ ಒಂದೇ.

## ಮುಟ್ಟದೆ ಹುಟ್ಟುವ ಕರೆಂಟ್

1831ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಉಂಗುರಕ್ಕೆ ಎರಡು ಕಡೆ ಬೇರೆ ಬೇರೆ ತಂತಿ ಸುತ್ತಿದ. ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಕರೆಂಟ್ ತೋರಿಸುವ ಮುಳ್ಳು. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಹಾರಿತು. ಆಮೇಲೆ ಬ್ಯಾಟರಿ ಹಾಗೇ ಇದ್ದರೂ ಮುಳ್ಳು ಕದಲಲಿಲ್ಲ. ಬ್ಯಾಟರಿ ಕಿತ್ತಾಗ ಮತ್ತೆ ಹಾರಿತು, ಈ ಸಲ ಆ ಕಡೆಗೆ. ಕರೆಂಟ್ ಓಡುವ ಸುರುಳಿ ಮ್ಯಾಗ್ನೆಟ್ಟಿನ ಹಾಗೆ ವರ್ತಿಸುತ್ತದೆ. ಆದರೆ ಆ ಮ್ಯಾಗ್ನೆಟ್ಟಿನ ಪ್ರಭಾವ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು. ಅದಕ್ಕೇ ಕಾಯಿಲ್‌ಗೆ ಹಿಂದೆ ಮುಂದೆ ತುಯ್ಯುವ ಕರೆಂಟ್ ಕೊಡುತ್ತಾರೆ. ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಅದು ಸೆಕೆಂಡಿಗೆ 50 ಸಲ ತುಯ್ಯುತ್ತದೆ. ಇಂಡಕ್ಷನ್ ಒಲೆ ಅದನ್ನು 20,000ಕ್ಕೂ ಮೇಲೆ ಒಯ್ಯುತ್ತದೆ. ಈ ತುಯ್ತದ ಎಣಿಕೆಗೇ ಫ್ರೀಕ್ವೆನ್ಸಿ ಅನ್ನುವುದು. ಸೆಕೆಂಡಿಗೆ ಒಂದು ತುಯ್ತ ಅಂದರೆ 1 ಹರ್ಟ್ಜ್, ಸಾವಿರ ಅಂದರೆ 1 ಕಿಲೋಹರ್ಟ್ಜ್.

ಮೂರು ವರ್ಷ ಬಿಟ್ಟು, 1834ರಲ್ಲಿ ಲೆನ್ಜ್ ಅನ್ನುವ ವಿಜ್ಞಾನಿ ಇನ್ನೊಂದು ಮಾತು ಸೇರಿಸಿದ. ಹೀಗೆ ಹುಟ್ಟಿದ ಕರೆಂಟ್ ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ತಡೆಯುವ ದಿಕ್ಕಿನಲ್ಲಿ ಓಡುತ್ತದೆ. ಈ ಎದುರು ನಿಲ್ಲುವ ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆ ಬರುತ್ತದೆ.

ತಂತಿಯಲ್ಲಾದರೆ ಕರೆಂಟಿಗೆ ದಾರಿ ಗೊತ್ತು. ಲೋಹದ ಗಟ್ಟಿ ತುಂಡಿನಲ್ಲಿ? ಹೊಳೆಯ ನೀರು ಸುಳಿ ಹಾಕುವ ಹಾಗೆ ಅಲ್ಲಲ್ಲೇ ಸುತ್ತುತ್ತದೆ. ಹಾಗಾಗಿಯೇ ಇದಕ್ಕೆ ಸುಳಿ ಕರೆಂಟ್ ಅಂತ ಹೆಸರು, ಇಂಗ್ಲಿಷಿನ ಎಡ್ಡಿ ಕರೆಂಟ್ ಕೂಡ ಅದೇ ಅರ್ಥ. 1855ರಲ್ಲಿ ಫ್ರಾನ್ಸಿನ ಫೂಕೋ, ದೊಡ್ಡ ಮ್ಯಾಗ್ನೆಟ್ಟಿನ ಬಾಯಿಯಲ್ಲಿ ತಾಮ್ರದ ತಟ್ಟೆ ತಿರುಗಿಸಿ ಅದು ಬಿಸಿಯಾಗುವುದನ್ನು ತೋರಿಸಿದ. ಟ್ರಾನ್ಸ್‌ಫಾರ್ಮರಿಗೆ ಈ ಬಿಸಿ ದಂಡ. ಅದಕ್ಕೇ ಅದರ ಕಬ್ಬಿಣವನ್ನು ಗಟ್ಟಿ ಗಡ್ಡೆಯಾಗಿಡದೆ ತೆಳು ತಗಡುಗಳ ಅಡಕಲು ಮಾಡುತ್ತಾರೆ. ಒಲೆಗೆ ಮಾತ್ರ ಅದೇ ಬಿಸಿ ಬೇಕು.

## ಕಂಬಿಯೊಳಗೆ ಬಳೆಗಳು

ಈಗ ಒಂದು ಸರಳ ಚಿತ್ರ ಇಟ್ಟುಕೊಳ್ಳೋಣ. ತಾಮ್ರದ ಕೊಳವೆಯ ಒಂದು ಉದ್ದ ಕಾಯಿಲ್, ಸ್ಪ್ರಿಂಗಿನ ಹಾಗೆ. ಅದರ ನಡುವೆ 30 ಮಿಲಿಮೀಟರ್ ದಪ್ಪದ ದುಂಡನೆ ಸ್ಟೀಲ್ ಕಂಬಿ. ಕಾಯಿಲ್‌ನಲ್ಲಿ ಸೆಕೆಂಡಿಗೆ 10,000 ಸಲ ತುಯ್ಯುವ ಕರೆಂಟ್.

ಕಂಬಿಯನ್ನು ಒಂದೇ ತುಂಡು ಅಂತ ನೋಡಬೇಡಿ. ಒಂದರೊಳಗೊಂದು ಕೂರಿಸಿದ ಬಳೆಗಳು ಅಂದುಕೊಳ್ಳಿ. ಒಂದೊಂದು ಬಳೆ 1 ಮಿಲಿಮೀಟರ್ ದಪ್ಪ ಇದ್ದರೆ ನಡುವಿನಿಂದ ಅಂಚಿಗೆ 15 ಬಳೆ. ಎಲ್ಲವೂ ದುಂಡಗಿರುವುದರಿಂದ ಕರೆಂಟ್ ಒಂದು ಬಳೆಯಿಂದ ಇನ್ನೊಂದಕ್ಕೆ ಹಾರಲ್ಲ, ತನ್ನ ಬಳೆಯಲ್ಲೇ ಗರಗರ ಸುತ್ತುತ್ತದೆ.

ಪ್ರತಿ ಬಳೆಗೂ ಒಂದು ಸಾಲಿನ ಲೆಕ್ಕ. ಕಾಯಿಲ್ ಕೊಡುವ ನೂಕು ಇಷ್ಟು. ಮಿಕ್ಕ 14 ಬಳೆಗಳಿಂದಲೂ, ತನ್ನಿಂದಲೂ ಬರುವ ಎದುರು ನೂಕು ಇಷ್ಟು. ಇವೆರಡನ್ನೂ ಕೂಡಿ ಕಳೆದು ಉಳಿದಿದ್ದು ಬಳೆಯ ತಡೆಯನ್ನು ಮೀರಿ ಕರೆಂಟ್ ಓಡಿಸಬೇಕು. ಹದಿನೈದು ಬಳೆಗೆ ಹದಿನೈದು ಸಾಲು. ಯಾರ ಕರೆಂಟ್ ಎಷ್ಟು ಅಂತ ಮೊದಲೇ ಗೊತ್ತಿಲ್ಲ, ಎಲ್ಲರದ್ದೂ ಎಲ್ಲರ ಮೇಲೆ ನಿಂತಿದೆ. ಹೈಸ್ಕೂಲಿನಲ್ಲಿ ಎರಡು ಸಮೀಕರಣ ಬರೆದು x, y ಕಂಡುಹಿಡಿಯುತ್ತಿದ್ದೆವಲ್ಲ, ಅದೇ ಕೆಲಸ ಇಲ್ಲಿ ಹದಿನೈದರದ್ದು. ಎಕ್ಸೆಲ್ ಹಾಳೆಯಲ್ಲೂ ಮಾಡಬಹುದು. ಸಿಮ್ಯುಲೇಶನ್ ಅಂದರೆ ಏನೋ ಮಾಯಾಜಾಲ ಅಂತ ಹೆದರಬೇಕಿಲ್ಲ. ಬೇರು ಇಷ್ಟೇ: ತುಂಡು ಮಾಡು, ಪ್ರತಿ ತುಂಡಿಗೂ ಒಂದು ಸಾಲು ಬರೆ, ಎಲ್ಲವನ್ನೂ ಒಟ್ಟಿಗೆ ಬಿಡಿಸು.

ಹೊರಗಿನ ಬಳೆಗೆ ಕಾಯಿಲ್‌ನ ಪೂರ್ತಿ ಹೊಡೆತ ಬೀಳುತ್ತದೆ. ಅದರಲ್ಲಿ ಹುಟ್ಟಿದ ಕರೆಂಟ್, ಲೆನ್ಜ್ ಹೇಳಿದ ಹಾಗೆ, ಕಾಯಿಲ್‌ಗೆ ಎದುರು ನಿಲ್ಲುತ್ತದೆ. ಅದರ ಒಳಗಿನ ಬಳೆಗೆ ಹೊಡೆತ ಆಗಲೇ ಕಮ್ಮಿ. ಅದಕ್ಕೂ ಒಳಗಿನದಕ್ಕೆ ಇನ್ನೂ ಕಮ್ಮಿ. ಮದುವೆ ಊಟದ ಪಂಕ್ತಿಯಲ್ಲಿ ಮೊದಲು ಕೂತವರೇ ಹೋಳಿಗೆ ಖಾಲಿ ಮಾಡಿದ ಹಾಗೆ. ನಡುವಿನ ಬಳೆಯ ತನಕ ಏನೂ ಬರುವುದೇ ಇಲ್ಲ.

## ತೊಗಲಿನಷ್ಟು ಆಳ

ಕರೆಂಟ್ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ, ಸ್ಕಿನ್ ಡೆಪ್ತ್ ಅಂತ. ಕನ್ನಡದಲ್ಲಿ ತೊಗಲಾಳ ಅನ್ನೋಣ. ಅಷ್ಟು ಆಳಕ್ಕೆ ಇಳಿದಾಗ ಕರೆಂಟ್ ಮೇಲ್ಮೈಯಲ್ಲಿದ್ದುದರ 37 ಶೇಕಡಾಕ್ಕೆ ಇಳಿದಿರುತ್ತದೆ. ಅದರ ಮೂರು ಪಟ್ಟು ಆಳಕ್ಕೆ ಹೋದರೆ ಬರೀ 5 ಶೇಕಡಾ. ಹುಟ್ಟುವ ಬಿಸಿಯಲ್ಲಿ 86 ಶೇಕಡಾ ಮೊದಲ ತೊಗಲಾಳದೊಳಗೇ ಹುಟ್ಟುತ್ತದೆ.

ಇದನ್ನು ತೀರ್ಮಾನಿಸುವುದು ಮೂರು ಸಂಗತಿ. ಲೋಹದ ತಡೆ ಜಾಸ್ತಿ ಇದ್ದರೆ ಆಳ ಜಾಸ್ತಿ, ಎದುರು ನಿಲ್ಲುವ ಕರೆಂಟಿಗೇ ಬಲ ಇರಲ್ಲ. ಫ್ರೀಕ್ವೆನ್ಸಿ ಜಾಸ್ತಿ ಇದ್ದರೆ ಆಳ ಕಮ್ಮಿ. ಲೋಹ ಮ್ಯಾಗ್ನೆಟ್ಟಿಗೆ ಒಲಿಯುವಂಥದ್ದಾದರೆ ಆಳ ಇನ್ನೂ ಕಮ್ಮಿ. ಈ ಒಲವಿನ ಅಳತೆಗೆ ಪರ್ಮಿಯಬಿಲಿಟಿ ಅನ್ನುತ್ತಾರೆ. ತಾಮ್ರ, ಅಲ್ಯೂಮಿನಿಯಂಗಳಿಗೆ ಅದು ಗಾಳಿಯಷ್ಟೇ, ಅಂದರೆ 1. ಕಬ್ಬಿಣಕ್ಕೆ ನೂರಾರು.

ಅಂಕಿ ಹಾಕಿದರೆ ಚಿತ್ರ ಬಿಚ್ಚಿಕೊಳ್ಳುತ್ತದೆ. ಗೋಡೆ ಪ್ಲಗ್ಗಿನ 50 ಹರ್ಟ್ಜ್‌ನಲ್ಲಿ ತಾಮ್ರದ ತೊಗಲಾಳ ಸುಮಾರು 9 ಮಿಲಿಮೀಟರ್. ಒಲೆಯ 24 ಕಿಲೋಹರ್ಟ್ಜ್‌ನಲ್ಲಿ 0.4 ಮಿಲಿಮೀಟರ್. ನಮ್ಮ ಸ್ಟೀಲ್ ಕಂಬಿಯ ಪರ್ಮಿಯಬಿಲಿಟಿ 100 ಅಂತ ಹಿಡಿದರೆ 10 ಕಿಲೋಹರ್ಟ್ಜ್‌ನಲ್ಲಿ ಬರುವುದು ಸುಮಾರು 0.22 ಮಿಲಿಮೀಟರ್.

ಈಗ ನಮ್ಮ ಬಳೆಗಳನ್ನು ನೋಡಿ. ಒಂದೊಂದು 1 ಮಿಲಿಮೀಟರ್ ದಪ್ಪ. ಆಟವೆಲ್ಲ ಮೊದಲ ಬಳೆಯ ಹೊರಗಿನ ಕಾಲು ಭಾಗದಲ್ಲೇ ಮುಗಿದಿದೆ! ಲೆಕ್ಕ ಮಾತ್ರ ಬಳೆಯ ತುಂಬ ಕರೆಂಟ್ ಒಂದೇ ಸಮ ಹರಡಿದೆ ಅಂದುಕೊಂಡಿದೆ. ಅಗಲ ರಸ್ತೆ ಕೊಟ್ಟ ಹಾಗಾಯಿತು. ತಡೆ ಕಮ್ಮಿ, ಹಾಗಾಗಿ ಬಿಸಿಯೂ ಕಮ್ಮಿ, ನಿಜದ ಕಾಲು ಭಾಗದ ಆಸುಪಾಸು. ನಾನು ಮೊದಲ ಸಲ ಇಂಥ ಲೆಕ್ಕ ಮಾಡಿದಾಗ ಬಿದ್ದಿದ್ದು ಇದೇ ಹಳ್ಳಕ್ಕೆ. ಪರದೆ ಮೇಲೆ ಕೆಂಪು, ಹಳದಿ ಬಣ್ಣದ ಚಿತ್ರ ಚೆಂದಾಗೇ ಬಂದಿತ್ತು. ಪ್ರೋಗ್ರಾಂ ಯಾವ ತಪ್ಪನ್ನೂ ತೋರಿಸಲಿಲ್ಲ. ಎರಡು ದಿನ ಕಾಯಿಲ್‌ನಲ್ಲೇ ದೋಷ ಹುಡುಕಿದ್ದೆ.

ಹಾಗಾದರೆ ಎಲ್ಲ ಬಳೆಗಳನ್ನೂ ತೆಳುವಾಗಿಸಬೇಕಾ? ಬೇಡ. ಹೊರಗಿನವನ್ನು ಕಾಗದದಷ್ಟು ತೆಳು ಮಾಡಿ, ಒಳಗೆ ಹೋದ ಹಾಗೆ ದಪ್ಪ ಮಾಡುತ್ತಾ ಹೋದರೆ ಸಾಕು. ಒಂದು ತೊಗಲಾಳದೊಳಗೆ ಮೂರು ನಾಲ್ಕು ಪದರವಾದರೂ ಬೇಕು ಅನ್ನುವುದು ಈ ಕೆಲಸ ಮಾಡುವವರ ರೂಢಿ.

ಇನ್ನೊಂದು ತಮಾಷೆ ಇದೆ. ಒಳಗಿನ ಕರೆಂಟ್ ಬರೀ ಸಣ್ಣದಾಗುವುದಿಲ್ಲ, ತಡವೂ ಆಗುತ್ತದೆ. ತೊಗಲಾಳದ ಸುಮಾರು ಮೂರು ಪಟ್ಟು ಕೆಳಗೆ ಹೋದರೆ ಅದು ಮೇಲಿನ ಕರೆಂಟಿಗೆ ಪೂರ್ತಿ ತದ್ವಿರುದ್ಧ. ಮೇಲೆ ಬಲಕ್ಕೆ ಸುತ್ತುವಾಗ ಅಲ್ಲಿ ಎಡಕ್ಕೆ.

## ಚುಕ್ಕಿ ಇಟ್ಟು ಗೆರೆ ಎಳೆಯುವುದು

ಬಳೆ ಲೆಕ್ಕ ದುಂಡನೆ ಕಂಬಿಗೆ ಚೆನ್ನ. ಆದರೆ ಗೇರಿಗೆ ಹಲ್ಲಿದೆ, ಪಾತ್ರೆಗೆ ಮೂಲೆ ಇದೆ. ಬಳೆಗಳ ಲೆಕ್ಕದಲ್ಲಿ ಪ್ರತಿಯೊಬ್ಬರಿಗೂ ಪ್ರತಿಯೊಬ್ಬರ ಜೊತೆ ವ್ಯವಹಾರ. ಹದಿನೈದಕ್ಕೆ 225 ಅಂಕಿ ಸಾಕು, ಸಾವಿರ ತುಂಡಿಗೆ ಹತ್ತು ಲಕ್ಷ ಬೇಕು.

ಇಲ್ಲಿ ಬರುವುದು ಫೈನೈಟ್ ಎಲಿಮೆಂಟ್ ವಿಧಾನ. ಹೆಸರು ಕೊಟ್ಟಿದ್ದು ಅಮೆರಿಕದ ರೇ ಕ್ಲಫ್, 1960ರಲ್ಲಿ. ಆಗ ಅದು ಕಟ್ಟಡ, ವಿಮಾನಗಳ ಬಲ ಅಳೆಯುವ ಕೆಲಸಕ್ಕಿತ್ತು. ಚುಕ್ಕಿ ರಂಗೋಲಿ ಹಾಕುವವರಿಗೆ ಇದನ್ನು ವಿವರಿಸುವುದು ಸುಲಭ. ಲೋಹದ ಚಿತ್ರದ ಮೇಲೆ ಚುಕ್ಕಿ ಇಡಿ. ಅಕ್ಕಪಕ್ಕದ ಚುಕ್ಕಿಗಳಿಗೆ ಗೆರೆ ಎಳೆದು ತ್ರಿಕೋನಗಳಾಗಿಸಿ. ಈ ಬಲೆಗೆ ಮೆಶ್ ಅನ್ನುತ್ತಾರೆ. ಇನ್ನು ಕಂಡುಹಿಡಿಯಬೇಕಾದ್ದು ಚುಕ್ಕಿಗಳಲ್ಲಿನ ಬೆಲೆ (ಅಲ್ಲಿ ಮ್ಯಾಗ್ನೆಟ್ಟಿನ ಪ್ರಭಾವವನ್ನು ಹೇಳುವ ಅಂಕಿ) ಮಾತ್ರ. ತ್ರಿಕೋನದ ಒಳಗೆ ಬೆಲೆ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಇಳಿಜಾರಿನ ಹಾಗೆ ನೇರವಾಗಿ ಬದಲಾಗುತ್ತದೆ ಅಂದುಕೊಳ್ಳುತ್ತಾರೆ.

ಪ್ರತಿ ಚುಕ್ಕಿಗೂ ಪಕ್ಕದ ಮನೆಯವರ ಜೊತೆ ಮಾತ್ರ ಮಾತು. ಊರಾಚೆಯ ಚುಕ್ಕಿಯ ಸುದ್ದಿ ಅಕ್ಕಪಕ್ಕದವರ ಮೂಲಕವೇ ಬರಬೇಕು. ಹಾಗಾಗಿ ಲಕ್ಷ ಚುಕ್ಕಿ ಇದ್ದರೂ ಒಂದೊಂದು ಸಾಲಿನಲ್ಲಿ ಬರೆಯುವುದು ಏಳೆಂಟು ಅಂಕಿ, ಮಿಕ್ಕಿದ್ದೆಲ್ಲ ಸೊನ್ನೆ. ಸೊನ್ನೆಗಳನ್ನು ಬಿಟ್ಟು ಲೆಕ್ಕ ಮಾಡುವ ಜಾಣ್ಮೆ ಕಂಪ್ಯೂಟರಿಗೆ ಕಲಿಸಿದ್ದಾರೆ. ಮನೆಯ ಲ್ಯಾಪ್‌ಟಾಪ್ ಸಾಕಾಗುವುದು ಅದಕ್ಕೇ.

ಚುಕ್ಕಿ ಎಲ್ಲಿ ದಟ್ಟ ಇಡಬೇಕು ಅನ್ನುವುದು ಬಳೆಗಳಿಂದ ಕಲಿತ ಪಾಠವೇ. ಮೇಲ್ಮೈ ಹತ್ತಿರ ದಟ್ಟ, ಒಳಗೆ ವಿರಳ. ಎಲ್ಲ ಕಡೆ ಒಂದೇ ಸಮ ಇಡುತ್ತೇನೆ ಅಂದರೆ ಏನಾಗುತ್ತದೆ ನೋಡಿ. 20 ಸೆಂಟಿಮೀಟರಿನ ಘನವನ್ನು 1 ಮಿಲಿಮೀಟರಿನ ಪುಟ್ಟ ಘನಗಳಾಗಿ ಕತ್ತರಿಸಿದರೆ 80 ಲಕ್ಷ ತುಂಡು. ಅರ್ಧ ಮಿಲಿಮೀಟರ್ ಮಾಡಿದರೆ 6.4 ಕೋಟಿ. ತೊಗಲಾಳ 0.22 ಆದಾಗ ಅದೂ ಸಾಲದು.

ಇನ್ನೊಂದು ಉಪಾಯ ಕುಂಬಾರನದ್ದು. ಮಡಕೆಯ ಅಂಚಿನ ಗೆರೆ ಒಂದು ಗೊತ್ತಿದ್ದರೆ ಚಕ್ರ ತಿರುಗಿ ಇಡೀ ಮಡಕೆ ಆಗುತ್ತದೆ. ಹಾಗೇ ಕಂಬಿ, ಕಾಯಿಲ್ ಎರಡೂ ದುಂಡಗಿದ್ದರೆ ಅರ್ಧ ಸೀಳನ್ನಷ್ಟೇ ಬಿಡಿಸಿ, ಸುತ್ತ ಅದೇ ಇದೆ ಅಂತ ಕಂಪ್ಯೂಟರಿಗೆ ಹೇಳಿದರಾಯಿತು. ಮೂರು ಆಯಾಮದ ಲೆಕ್ಕ ಕಾಗದದ ಮೇಲಿನ ಲೆಕ್ಕವಾಗುತ್ತದೆ. ಡೇವಿಡ್ ಮೀಕರ್ ಬರೆದ ಫೆಮ್ ಅನ್ನುವ ಉಚಿತ ತಂತ್ರಾಂಶ ಇಂಥ ಲೆಕ್ಕಕ್ಕೇ ಹೇಳಿ ಮಾಡಿಸಿದ ಹಾಗಿದೆ, ಕಲಿಯುವವರು ಅಲ್ಲಿಂದಲೇ ಶುರು ಮಾಡಬಹುದು. ಮೂರು ಆಯಾಮ ಬೇಕೇ ಬೇಕು ಅಂದರೆ ಫಿನ್ಲೆಂಡಿನ ಎಲ್ಮರ್ ಇದೆ, ಅದೂ ಉಚಿತ.

## ಗಾಳಿಗೂ ಚುಕ್ಕಿ ಬೇಕು

ಹೊಸಬರು ಮರೆಯುವುದು ಇದನ್ನು. ಮ್ಯಾಗ್ನೆಟ್ಟಿನ ಪ್ರಭಾವ ಲೋಹದಲ್ಲಿ ನಿಲ್ಲಲ್ಲ, ಸುತ್ತಲಿನ ಗಾಳಿಯಲ್ಲಿ ಬಳಸಿ ಮತ್ತೆ ಕಾಯಿಲ್‌ಗೇ ಬರುತ್ತದೆ. ಗಾಳಿಗೂ ಮೆಶ್ ಹಾಕಬೇಕು. ಎಲ್ಲಿಯ ತನಕ? ಕಾಯಿಲ್‌ಗೆ ಅಂಟಿದ ಹಾಗೆ ಬೇಲಿ ಹಾಕಿದರೆ ಬಳಸಿ ಬರಬೇಕಾದದ್ದಕ್ಕೆ ಜಾಗವೇ ಇರಲ್ಲ, ಉತ್ತರ ಕೆಡುತ್ತದೆ. ಬೇಲಿಯನ್ನು ಕಾಯಿಲ್ ಅಳತೆಯ ಹಲವು ಪಟ್ಟು ದೂರ ಇಡುತ್ತಾರೆ. ಅಲ್ಲಿ ಚುಕ್ಕಿಗಳು ವಿರಳವಾಗಿದ್ದರೂ ನಡೆಯುತ್ತದೆ.

## ಎರಡು ಗಡಿಯಾರ

ಕರೆಂಟ್ ಸೆಕೆಂಡಿಗೆ 10,000 ಸಲ ತುಯ್ಯುತ್ತದೆ. ಕಂಬಿ ಕೆಂಪಗಾಗಲು ಹತ್ತಾರು ಸೆಕೆಂಡ್ ಬೇಕು. ಪ್ರತಿ ತುಯ್ತವನ್ನೂ ಹಂತ ಹಂತವಾಗಿ ಲೆಕ್ಕ ಹಾಕುತ್ತಾ ಕೂತರೆ ಮುಗಿಯುವುದು ಯಾವಾಗ?

ಅದಕ್ಕೆ ದಾರಿ ಇದೆ. ಒಂದೇ ಲಯದಲ್ಲಿ ತೂಗುವ ಜೋಕಾಲಿಯನ್ನು ವಿವರಿಸಲು ಎರಡೇ ಅಂಕಿ ಸಾಕು: ಎಷ್ಟು ಎತ್ತರ ಹೋಗುತ್ತದೆ, ಪಕ್ಕದ ಜೋಕಾಲಿಗಿಂತ ಎಷ್ಟು ಹಿಂದಿದೆ. ಪ್ರತಿ ಚುಕ್ಕಿಯಲ್ಲೂ ಈ ಎರಡನ್ನೇ ಕಂಡುಹಿಡಿಯುತ್ತಾರೆ. ಸಾವಿರಾರು ತುಯ್ತಗಳ ಲೆಕ್ಕ ಒಂದೇ ಏಟಿಗೆ ಮುಗಿಯುತ್ತದೆ. ಅದರಿಂದ ಎಲ್ಲಿ ಎಷ್ಟು ಬಿಸಿ ಹುಟ್ಟುತ್ತಿದೆ ಅಂತ ಸಿಗುತ್ತದೆ. ಆ ಬಿಸಿಯನ್ನು ನಿಧಾನದ ಗಡಿಯಾರಕ್ಕೆ ಕೊಟ್ಟು, ಅರ್ಧ ಸೆಕೆಂಡ್ ಮುಂದೆ ಹೋಗಿ, ಲೋಹ ಎಷ್ಟು ಕಾದಿದೆ ನೋಡುತ್ತಾರೆ. ಕಾದ ಲೋಹದ ಗುಣ ಬದಲಾಗಿರುತ್ತದೆ. ಹೊಸ ಗುಣ ಹಾಕಿ ಮತ್ತೆ ಕರೆಂಟಿನ ಲೆಕ್ಕ. ಹೀಗೇ ಎರಡರ ನಡುವೆ ಓಡಾಟ.

ಈ ಓಡಾಟ ಯಾಕೆ ಮುಖ್ಯ ಅಂತ ಸ್ಟೀಲ್ ಕಂಬಿಯೇ ತೋರಿಸುತ್ತದೆ. ಕಬ್ಬಿಣ 770 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಮ್ಯಾಗ್ನೆಟ್ಟಿನ ಒಲವನ್ನೇ ಕಳೆದುಕೊಳ್ಳುತ್ತದೆ. ಇದಕ್ಕೆ ಕ್ಯೂರಿ ಬಿಂದು ಅನ್ನುತ್ತಾರೆ. ಪರ್ಮಿಯಬಿಲಿಟಿ ನೂರರಿಂದ ಒಂದಕ್ಕೆ ಬಿತ್ತು. ತಡೆ ತಣ್ಣಗಿದ್ದಾಗಿನದಕ್ಕಿಂತ ಐದಾರು ಪಟ್ಟು ಏರಿದೆ. 0.22 ಮಿಲಿಮೀಟರ್ ಇದ್ದ ತೊಗಲಾಳ 5 ಮಿಲಿಮೀಟರ್ ದಾಟುತ್ತದೆ. ಮೇಲ್ಮೈಗೆ ಅಂಟಿಕೊಂಡಿದ್ದ ಕರೆಂಟ್ ಇದ್ದಕ್ಕಿದ್ದ ಹಾಗೆ ಒಳಗೆ ನುಗ್ಗುತ್ತದೆ, ಬಿಸಿಯೇರುವ ವೇಗ ಕುಸಿಯುತ್ತದೆ. ತಣ್ಣನೆ ಕಂಬಿಯ ಅಂಕಿಗಳನ್ನೇ ಕೊನೆಯ ತನಕ ಬಳಸಿದ ಸಿಮ್ಯುಲೇಶನ್‌ಗೆ ಇದು ಕಾಣುವುದೇ ಇಲ್ಲ.

ಪೀಣ್ಯದಂಥ ಕಡೆ ಇಂಡಕ್ಷನ್ ಹಾರ್ಡನಿಂಗ್ ಮಾಡುವವರಿಗೆ ಇದು ದಿನದ ಮಾತು. ಗೇರಿನ ಹಲ್ಲು ಮೇಲ್ಗಡೆ ಮಾತ್ರ ಗಟ್ಟಿಯಾಗಬೇಕು, ಒಳಗೆ ಪೆಟ್ಟು ತಾಳುವ ಮೆದುತನ ಉಳಿಯಬೇಕು. ತೆಳು ಪದರ ಬೇಕಾದರೆ ಫ್ರೀಕ್ವೆನ್ಸಿ ಏರಿಸುತ್ತಾರೆ. ಕಂಬಿಯನ್ನು ಒಳಗೂ ಕಾಯಿಸಿ ಬಡಿಯಬೇಕಾದರೆ ಇಳಿಸುತ್ತಾರೆ. ದೊಡ್ಡ ಕುಲುಮೆಗಳಲ್ಲಿ ಇನ್ನೂ ಇಳಿಸುತ್ತಾರೆ. ಅಲ್ಲಿ ಕರೆಂಟ್ ಕಾಯಿಸುವುದರ ಜೊತೆಗೆ ಕರಗಿದ ಕಬ್ಬಿಣವನ್ನು ತಳ್ಳುತ್ತದೆ ಕೂಡ. ಸೌಟಿಲ್ಲದೆ ತಾನೇ ಕಲಕಿಕೊಳ್ಳುವ ಕಬ್ಬಿಣದ ಮೇಲ್ಮೈ ನಡುವೆ ಗುಡ್ಡದ ಹಾಗೆ ಉಬ್ಬಿ ನಿಲ್ಲುತ್ತದೆ.

ಕಬ್ಬಿಣದ ಇನ್ನೊಂದು ಕಿರಿಕಿರಿ: ಪ್ರಭಾವ ಜೋರಾದರೆ ಅದರ ಒಲವು ತಣ್ಣಗಿರುವಾಗಲೂ ಕುಗ್ಗುತ್ತದೆ, ನೀರು ಕುಡಿದು ತುಂಬಿದ ಸ್ಪಂಜಿನ ಹಾಗೆ. ಒಲವು ಗೊತ್ತಾಗಲು ಪ್ರಭಾವ ಗೊತ್ತಿರಬೇಕು, ಪ್ರಭಾವ ಗೊತ್ತಾಗಲು ಒಲವು ಗೊತ್ತಿರಬೇಕು. ಒಂದು ಅಂದಾಜಿನಿಂದ ಶುರು ಮಾಡಿ, ಉತ್ತರ ಬದಲಾಗುವುದು ನಿಲ್ಲುವ ತನಕ ತಿದ್ದುತ್ತಾರೆ.

## ಉತ್ತರ ಸರಿ ಅಂತ ನಂಬೋದು ಹೇಗೆ?

ಮೊದಲ ಪರೀಕ್ಷೆ, ಚುಕ್ಕಿಗಳ ಅಂತರ ಅರ್ಧ ಮಾಡಿ ಮತ್ತೆ ಓಡಿಸುವುದು. ಬಿಸಿಯ ಅಂಕಿ ಜಾಸ್ತಿ ಬದಲಾಯಿತಾ? ಹಾಗಾದರೆ ಮೊದಲಿನ ಮೆಶ್ ಸಾಲದು. ನನ್ನ ಎರಡು ದಿನದ ಹುಡುಕಾಟ ಈ ಹತ್ತು ನಿಮಿಷದ ಕೆಲಸದಿಂದ ಮುಗಿದಿತ್ತು.

ಎರಡನೆಯದು ಜಮಾ ಖರ್ಚು. ಕಾಯಿಲ್‌ಗೆ ಕೊಟ್ಟ ಪವರ್, ಕಂಬಿಯ ಬಿಸಿ ಮತ್ತು ಕಾಯಿಲ್‌ನ ಸ್ವಂತ ಬಿಸಿ ಎರಡನ್ನೂ ಕೂಡಿದ್ದಕ್ಕೆ ಸಮ ಆಗಬೇಕು. ಆಗದಿದ್ದರೆ ಎಲ್ಲೋ ಸೋರಿದೆ. ಉದ್ದ ಕಾಯಿಲ್‌ನ ದುಂಡು ಕಂಬಿಗಾದರೆ ಕೈಲೆಕ್ಕದ ಪಕ್ಕಾ ಸೂತ್ರವೂ ಇದೆ, ಪಕ್ಕದಲ್ಲಿಟ್ಟು ಹೋಲಿಸಬಹುದು.

ಸೂತ್ರ ಇಲ್ಲದ ಆಕಾರಗಳಿಗೆ ಜಗತ್ತಿನಾದ್ಯಂತ ಬಳಸುವ ಪರೀಕ್ಷಾ ಲೆಕ್ಕಗಳ ಗುಚ್ಛವೊಂದಿದೆ, ಟೀಮ್ ಅಂತ. ಅದರ 7ನೇ ಲೆಕ್ಕ ನನಗೆ ಇಷ್ಟ. 294 ಮಿಲಿಮೀಟರ್ ಚೌಕದ, 19 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಲಗೆ. ಅದರಲ್ಲಿ ನಡುವಿಗಿಂತ ಪಕ್ಕಕ್ಕೆ ಒಂದು ಚೌಕ ತೂತು. ಮೇಲೆ ಒಂದು ಕಾಯಿಲ್. ಸುಳಿ ಕರೆಂಟ್ ತೂತನ್ನು ಬಳಸಿ ಹೋಗಬೇಕು. 50 ಮತ್ತು 200 ಹರ್ಟ್ಜ್‌ನಲ್ಲಿ ನಿಜವಾಗಿ ಅಳೆದ ಅಂಕಿಗಳಿವೆ. ಹೊಸ ಪ್ರೋಗ್ರಾಂ ಬರೆದವರು ತಮ್ಮ ಉತ್ತರವನ್ನು ಅದರ ಪಕ್ಕ ಇಟ್ಟು ತೋರಿಸುತ್ತಾರೆ.

## ಅಮ್ಮನ ಕುಕ್ಕರಿಗೆ ವಾಪಸ್

ಈಗ ಒಲೆಯ 24 ಕಿಲೋಹರ್ಟ್ಜ್‌ನಲ್ಲಿ ಎರಡು ತಳಗಳನ್ನು ಲೆಕ್ಕಕ್ಕೆ ಇಡೋಣ. ಕಬ್ಬಿಣದ ಪರ್ಮಿಯಬಿಲಿಟಿ 200 ಅಂತ ಹಿಡಿದರೆ ತೊಗಲಾಳ 0.07 ಮಿಲಿಮೀಟರ್, ಕೂದಲೆಳೆಯಷ್ಟು. ಅಷ್ಟು ಕಿರಿದಾದ ಓಣಿಯಲ್ಲಿ ಕರೆಂಟ್ ನುಸುಳಬೇಕು, ಸಾಲದ್ದಕ್ಕೆ ಕಬ್ಬಿಣದ ತಡೆಯೂ ಜಾಸ್ತಿ. ಅಲ್ಯೂಮಿನಿಯಂಗೆ ತೊಗಲಾಳ 0.5 ಮಿಲಿಮೀಟರ್, ತಡೆ ಕಬ್ಬಿಣದ ಕಾಲು ಭಾಗ. ಓಣಿಯ ಅಗಲ, ತಡೆ ಎರಡನ್ನೂ ಸೇರಿಸಿದರೆ, ಕಾಯಿಲ್‌ನಲ್ಲಿ ಅಷ್ಟೇ ಕರೆಂಟ್ ಇದ್ದಾಗ ಕಬ್ಬಿಣದಲ್ಲಿ ಹುಟ್ಟುವ ಬಿಸಿ ಸುಮಾರು ಇಪ್ಪತ್ತೈದು ಪಟ್ಟು.

ಅಂದರೆ ಅಲ್ಯೂಮಿನಿಯಂನಲ್ಲಿ ಕರೆಂಟ್ ಹುಟ್ಟುವುದಿಲ್ಲ ಅಂತಲ್ಲ. ಧಾರಾಳವಾಗಿ ಹುಟ್ಟುತ್ತದೆ, ಅಗಲ ರಸ್ತೆಯಲ್ಲಿ ಆರಾಮಾಗಿ ಓಡುತ್ತದೆ, ಬಿಸಿ ಮಾಡಲ್ಲ ಅಷ್ಟೇ. ಒಲೆಯ ತಾಮ್ರದ ಕಾಯಿಲ್ ಹೆಚ್ಚುಕಡಿಮೆ ಕುಕ್ಕರಿನಷ್ಟೇ ಕಾಯತೊಡಗುತ್ತದೆ. ಒಳಗಿನ ಎಲೆಕ್ಟ್ರಾನಿಕ್ಸ್ ಇದನ್ನು ಗುರುತಿಸಿ ಕೀಂ ಕೀಂ ಅಂತ ಕೂಗಿ ಆಫ್ ಆಗುತ್ತದೆ. ಫ್ರೀಕ್ವೆನ್ಸಿ ಏರಿಸಿದರೆ ಅಲ್ಯೂಮಿನಿಯಂನ ಓಣಿಯೂ ಕಿರಿದಾಗುತ್ತದೆ. ನಾಲ್ಕು ಪಟ್ಟು ಏರಿಸಿದರೆ ಅರ್ಧ. ಜಪಾನಿನಲ್ಲಿ ಎಲ್ಲ ಲೋಹಕ್ಕೂ ಒಗ್ಗುವ ಒಲೆಗಳನ್ನು ಮಾಡಿರುವುದು ಈ ದಾರಿಯಲ್ಲೇ. ಬೆಲೆ ಮಾತ್ರ ಜೋರು.

ಅಮ್ಮ ಈಗ ಅಂಗಡಿಯಿಂದ ಒಂದು ದಪ್ಪ ಕಬ್ಬಿಣದ ಬಿಲ್ಲೆ ತಂದು ಕುಕ್ಕರಿನ ಕೆಳಗಿಡುತ್ತಾರೆ. ಬಿಲ್ಲೆ ಕಾಯುತ್ತದೆ, ಕುಕ್ಕರ್ ಅದರ ಮೇಲೆ ಹಳೇ ಕಾಲದ ಹಾಟ್‌ಪ್ಲೇಟ್ ಮೇಲೆ ಕೂತ ಹಾಗೆ ಕೂತಿರುತ್ತದೆ. ಕೆಳಗಿನ ಗಾಜಿಗೂ ಆ ಬಿಸಿ ಇಳಿಯುವುದರಿಂದ, ಗಾಜಿನಡಿಯ ಸೆನ್ಸರ್ ಜೋರು ಉರಿಯಲ್ಲಿ ಆಗಾಗ ಒಲೆಯನ್ನು ಆರಿಸುತ್ತದೆ. ಮೂರನೇ ಸೀಟಿಯ ಹೊತ್ತಿಗೆ ಅವರು ತಾವೇ ಎರಡು ಹಂತ ಇಳಿಸಿಬಿಡುತ್ತಾರೆ.